ಮೇಡಂ ವಾಪಸ್ ಪಡೆದ ಪ್ರಬಂಧ

ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಾಂಶುಪಾಲರು ನಮ್ಮ ಮೇಡಂ ಅವರನ್ನು ‘ಶಿಸ್ತಿನ ಸಿಪಾಯಿ’ ಎಂದು ಕರೆದಾಗ ನನಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಮೇಡಂ ಅವರಿಗೂ ಶಿಸ್ತಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಜರಿ ಹಾಕುವುದನ್ನು ಮರೆಯುತ್ತಿದ್ದರು. ವಿಭಾಗದ ಮೀಟಿಂಗಿಗೆ ಬಂದರೆ ಅರ್ಧಕ್ಕೆ ಎದ್ದು ಹೋಗುತ್ತಿದ್ದರು. ಉತ್ತರಪತ್ರಿಕೆಗಳನ್ನೂ ಊಟದ ಡಬ್ಬಿಯನ್ನೂ ಒಂದೇ ಚೀಲದಲ್ಲಿ ತುರುಕಿ ಒಯ್ಯುತ್ತಿದ್ದರು; ಒಂದು ವರ್ಷ ಇಡೀ ಒಂದು ಸೆಕ್ಷನ್ನಿನ ಹುಡುಗರ ಪತ್ರಿಕೆಗಳ ಮೇಲೆ ಬದನೆಕಾಯಿ ಎಣ್ಣೆಗಾಯಿಯ ಕಲೆ ಬಿದ್ದು, ಅದನ್ನು ಒರೆಸಲು ನಾವಿಬ್ಬರೂ ಒಂದು ಮಧ್ಯಾಹ್ನ ಕಳೆದಿದ್ದೆವು. ಇಂಥವರನ್ನು ಸಿಪಾಯಿ ಮಾಡಿ ನಿಲ್ಲಿಸಿದರೆ ಅವರೇ ಎದ್ದು ಬಂದು ಬೈಯುತ್ತಿದ್ದರು.

ಸಭೆಯಲ್ಲಿ ಎಲ್ಲರೂ ಮಾತಾಡಿದರು. ಅವರ ಸರಳತೆ, ಅವರ ಸಂಶೋಧನೆ, ಅವರ ನಗುಮುಖ. ಅವರ ಶಿಷ್ಯೆ ರೇಣುಕಾಳ ಹೆಸರನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ನನ್ನನ್ನು ಮಾತಾಡಲು ಕರೆಯಲೇ ಇಲ್ಲ. ಅವರ ಕೋಣೆಯಲ್ಲಿ ಹನ್ನೊಂದು ವರ್ಷ ಅವರೆದುರೇ ಕೂತವನು ನಾನು, ಆದರೆ ಮೈಕು ಕೊಟ್ಟರೆ ಏನಾದರೂ ಅಂದುಬಿಡುತ್ತಾನೆ ಎಂಬ ಭಯ ಕಾಲೇಜಿನವರಿಗೆ. ಭಯ ಸುಳ್ಳಲ್ಲ.

ಮೇಡಂ ಗಿಡ್ಡ, ತೆಳ್ಳಗೆ, ದನಿ ಮಾತ್ರ ಮೈಗಿಂತ ಎರಡು ಪಟ್ಟು ದೊಡ್ಡದು. ಇಳಕಲ್ ಸೀರೆಯ ಕೆಳಗೆ ಆಟದ ಬೂಟು ಹಾಕಿಕೊಳ್ಳುತ್ತಿದ್ದರು. ವಿಜಯಪುರದಲ್ಲಿ ಅಣ್ಣನ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಹೊತ್ತ ಸಿಗಲಿಲ್ರಿ” ಎನ್ನುತ್ತಿದ್ದರು, ಬಸ್ಸು ತಪ್ಪಿದವರ ಹಾಗೆ. ಕಂಪ್ಯೂಟರಿನ ಜೊತೆ ಮಾತಾಡುವ ಚಟವಿತ್ತು. ಪ್ರೋಗ್ರಾಮ್ ಓಡಿ ಪರದೆಯ ಮೇಲೆ ಗ್ರಾಫ್ ಮೂಡಿದಾಗ, ಅದು ತೀರಾ ಚಂದ ಇದ್ದರೆ ಕನ್ನಡಕ ಮೇಲೇರಿಸಿ, “ಏನ ಬೇ, ಸುಳ್ಳ ಹೇಳಾಕತ್ತಿ ಏನ?” ಎಂದು ಗದರುತ್ತಿದ್ದರು. ಹೊಸದಾಗಿ ಬಂದ ಹುಡುಗಿಯರು ತಮಗೇ ಅಂದರೆಂದು ಬೆಚ್ಚುತ್ತಿದ್ದರು.

ಅವರ ವಿಷಯ ತಂತಿಯಿಲ್ಲದ ಸಂಪರ್ಕ. ನಮ್ಮೂರಲ್ಲಿ ಈ ವಿಷಯ ಪಾಠ ಮಾಡುವವರೆಲ್ಲ ಗೋಳಗುಮ್ಮಟದ ಪ್ರತಿಧ್ವನಿಯಿಂದಲೇ ಶುರು ಮಾಡುತ್ತಾರೆ, ನಾನೂ ಸೇರಿ. ಮೇಡಂ ಒಬ್ಬರೇ ಗುಮ್ಮಟದ ಹೆಸರು ಎತ್ತುತ್ತಿರಲಿಲ್ಲ. ಅವರು ಹುಡುಗರನ್ನು ಕಾರಿಡಾರಿಗೆ ಎಬ್ಬಿಸಿಕೊಂಡು ಬರುತ್ತಿದ್ದರು. ಈ ತುದಿಗೆ ಒಬ್ಬ ಹೇಳುವವನು, ಆ ತುದಿಗೆ ಒಬ್ಬ ಕೇಳುವವನು, ನಡುವೆ ಒಬ್ಬ ದಾಟಿಸುವವನು. ನಡುವಿನವನ ಕೆಲಸ ಒಂದೇ: ಕಿವಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಮುಂದೆ ಕೂಗುವುದು. ಕೆಳಗೆ ಯಾರೋ ಬೈಕು ಶುರು ಮಾಡಿದರೆ ಆ ಸದ್ದನ್ನೂ ಕೂಗಬೇಕು. ಹುಡುಗ “ಡುರ್ರ್” ಎಂದು ಕೂಗಿ ಎಲ್ಲರೂ ಬಿದ್ದು ಬಿದ್ದು ನಗುವಾಗ ಮೇಡಂ ನಡುವೆ ಬರುತ್ತಿದ್ದರು.

“ನಕ್ಕಿದ್ದ ಸಾಕ್ರಿ. ರಿಲೇ ಅಂದ್ರ ಇವನೇ. ಪಾಪ, ಮಾತ ಯಾವುದು, ಗದ್ಲ ಯಾವುದು ಅವಗ ಗೊತ್ತಾಗಂಗಿಲ್ಲ. ಎರಡನ್ನೂ ದೊಡ್ಡದ ಮಾಡಿ ಕಳಸ್ತಾನ. ಈಗ ಈ ಮೂರೂ ಮಂದಿಗೆ ಒಂದೊಂದಲ್ಲ, ನಾಕ ನಾಕ ಬಾಯಿ, ನಾಕ ನಾಕ ಕಿವಿ ಅದಾವ ಅಂತ ತಿಳ್ಕೋರಿ. ಯಾವ ಬಾಯಿಲೆ ಎಷ್ಟ ಜೋರ ಹೇಳಬೇಕು? ನಡುವಿನಾವ ಹೆಂಗ ತಿರುವಿ ದಾಟಿಸಬೇಕು? ಕೊನಿಗಿನಾವ ಗದ್ಲದಾಗಿಂದ ಮಾತ ಹೆಂಗ ಹೆಕ್ಕಬೇಕು?”

ಅವರ ಇಡೀ ಸಂಶೋಧನೆ ಇಷ್ಟೇ. ಹಲವು ಆಂಟೆನಾಗಳಿರುವ ಟ್ರಾನ್ಸ್‌ಮಿಟರು, ರಿಲೇ, ರಿಸೀವರು, ಈ ಮೂರನ್ನೂ ಹೇಗೆ ರೂಪಿಸಿದರೆ ತಪ್ಪು ಅತಿ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಒಬ್ಬೊಬ್ಬರು ತಮ್ಮ ಪಾಲಿಗೆ ಒಳ್ಳೆಯದನ್ನು ಆರಿಸಿಕೊಂಡರೆ ಒಟ್ಟು ಕೆಲಸ ಕೆಡುತ್ತದೆ, ಮೂವರದನ್ನೂ ಕೂಡಿಸಿಯೇ ಬಿಡಿಸಬೇಕು ಎಂಬುದು ಅವರ ವಾದ. ಆ ವಾದದ ಮೇಲೆಯೇ ಅವರಿಗೆ ಡಾಕ್ಟರೇಟು ಬಂದಿತ್ತು. ಆಮೇಲೆ ಅದೇ ಕೆಲಸವನ್ನು ಮುಂದುವರಿಸಲು ಸಿಕ್ಕವಳು ರೇಣುಕಾ.

ರೇಣುಕಾ ತಿಕೋಟಾದವಳು. ಮನೆಯವರದು ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ನಮ್ಮಲ್ಲೇ ಓದಿ, ನಮ್ಮಲ್ಲೇ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿ, ಮೇಡಂ ಕೈಕೆಳಗೆ ಪಿಎಚ್‌ಡಿಗೆ ನೋಂದಾಯಿಸಿಕೊಂಡಳು. ಮಾತು ಕಡಿಮೆ. ಮೇಡಂ ಹತ್ತು ಮಾತಾಡಿದರೆ ಅವಳು “ಹೌದ್ರಿ” ಎನ್ನುತ್ತಿದ್ದಳು, ಅವರು ಇನ್ನೂ ಹತ್ತು ಮಾತಾಡಿ ಸುಸ್ತಾದ ಮೇಲೆ, “ಆದ್ರ ಮೇಡಂ” ಎಂದು ಶುರು ಮಾಡುತ್ತಿದ್ದಳು. ಆ ‘ಆದ್ರ’ ಬಂತೆಂದರೆ ಮೇಡಂ ತಮ್ಮ ಕುರ್ಚಿಯನ್ನು ಅವಳ ಕಡೆ ಎಳೆದುಕೊಳ್ಳುತ್ತಿದ್ದರು. ನನ್ನ ಮಾತಿಗೆ ಅವರು ಒಮ್ಮೆಯೂ ಹಾಗೆ ಕುರ್ಚಿ ಎಳೆದುಕೊಂಡದ್ದಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸ್ವಲ್ಪ ಇದ್ದರೂ ಇರಬಹುದು.

ಅವರಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಒಂದೇ ಹಲಗೆಯ ಎರಡು ತುದಿಯಿಂದ ಲೆಕ್ಕ ಬಿಡಿಸುತ್ತ ನಡುವೆ ಬಂದು ಸೇರುತ್ತಿದ್ದರು. ಜಗಳವೂ ಆಗುತ್ತಿತ್ತು. ಒಮ್ಮೆ ರೇಣುಕಾ ಎರಡು ದಿನ ಮಾತು ಬಿಟ್ಟಳು, ಮೇಡಂ ಬರೆದುಕೊಟ್ಟ ಒಂದು ಗಣಿತದ ರುಜುವಾತಿನಲ್ಲಿ ಒಂದು ಹೆಜ್ಜೆ ಜಾರಿದೆ ಎಂದು. ಮೂರನೆಯ ದಿನ ಮೇಡಂ ಬಾಗಿಲಲ್ಲೇ ನಿಂತು, “ಯವ್ವಾ, ನಿಂದ ಖರೆ ಐತಿ. ಒಳಗ ಬರ್ಲ್ಯಾ?” ಎಂದರು. ಅದು ಅವರದೇ ಕೋಣೆ.

ರೇಣುಕಾಳ ಪ್ರಬಂಧದ ತಿರುಳು ಮೇಡಂ ಅವರದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಸಿಗ್ನಲ್ಲು ಸಾಗುವ ಗಾಳಿಯ ದಾರಿ ಗಳಿಗೆಗೊಂದು ರೀತಿ. ರಿಸೀವರಿಗೆ ಅದು ನೇರವಾಗಿ ಗೊತ್ತಾಗುವುದಿಲ್ಲ. ಮೊದಲೇ ಗೊತ್ತು ಮಾಡಿಕೊಂಡ ಒಂದಷ್ಟು ಸಂಕೇತಗಳನ್ನು ಕಳುಹಿಸಿ, ಅವು ಹೇಗೆ ತಲುಪಿದವು ಎನ್ನುವುದರಿಂದ ದಾರಿಯನ್ನು ಅಂದಾಜು ಮಾಡಬೇಕು. ಆ ಅಂದಾಜೇ ತಪ್ಪಿದರೆ? ತಪ್ಪಿದರೂ ಕೆಲಸ ಕೆಡದಂಥ ಟ್ರಾನ್ಸ್‌ಮಿಟರು, ರಿಲೇ, ರಿಸೀವರುಗಳನ್ನು ಅವಳು ರೂಪಿಸಿದ್ದಳು. ಗ್ರಾಫುಗಳಲ್ಲಿ ಅವಳ ವಿಧಾನ ಉಳಿದೆಲ್ಲ ವಿಧಾನಗಳಿಗಿಂತ ಎಷ್ಟೋ ಕೆಳಗೆ ಇಳಿದು ಹೋಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಕೆಳಗೆ ಇಳಿದಷ್ಟೂ ತಪ್ಪು ಕಡಿಮೆ. ಒಂದು ಒಳ್ಳೆಯ ಜರ್ನಲ್ಲಿನಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಪ್ರಬಂಧ ಸಲ್ಲಿಕೆಯಾಯಿತು. ಹೊರಗಿನ ಪರೀಕ್ಷಕರು ಹೊಗಳಿ ಬರೆದರು. ಇನ್ನು ಉಳಿದದ್ದು ಮೌಖಿಕ ಪರೀಕ್ಷೆ ಮಾತ್ರ. ಅದೇ ಹೊತ್ತಿಗೆ ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆಗೆ ಸಂದರ್ಶನ ಕರೆಯುವವರಿದ್ದರು, ಡಾಕ್ಟರೇಟು ಇದ್ದವರಿಗೆ ಮಾತ್ರ. ಆ ಹುದ್ದೆ ರೇಣುಕಾಳದೇ ಎಂದು ಜವಾನನಿಗೂ ಗೊತ್ತಿತ್ತು.

ಮೌಖಿಕ ಪರೀಕ್ಷೆಗೆ ಮೊದಲು ಪದ್ಧತಿಯನ್ನು ಬಯಲಿನಲ್ಲಿ ಒಮ್ಮೆ ನಡೆಸಿ ತೋರಿಸಬೇಕು ಎಂಬ ಆಸೆ ಮೇಡಂ ಅವರಿಗೆ. ಹಾಗೆ ಯಾರೂ ಕೇಳಿರಲಿಲ್ಲ. ಎಲ್ಲಿಂದಲೋ ರೇಡಿಯೋ ಬೋರ್ಡುಗಳನ್ನು ಎರವಲು ತಂದು, ತಿಕೋಟಾದಲ್ಲಿ ರೇಣುಕಾಳ ತಂದೆಯ ತೋಟಕ್ಕೆ ನಾವು ಮೂವರೂ ಹೋದೆವು. ತೋಟದ ನಡುವೆ ಟ್ರಾನ್ಸ್‌ಮಿಟರು, ನೀರಿನ ಟಾಕಿಯ ಮೇಲೆ ರಿಲೇ, ತಗಡಿನ ಶೆಡ್ಡಿನ ಹಿಂದಿನ ಕೋಣೆಯಲ್ಲಿ ರಿಸೀವರು. ಒಣದ್ರಾಕ್ಷಿಯ ದಿನಗಳು, ಶೆಡ್ಡಿನ ಬಲೆಗಳ ಮೇಲೆ ಹಸಿರು ಗೊಂಚಲುಗಳು ಹರಡಿದ್ದವು, ಒಳಗೆ ಕಾಲಿಟ್ಟರೆ ಹುಳಿ ಸಿಹಿ ವಾಸನೆ. ಮೇಡಂ ಬೂಟು ಬಿಗಿದುಕೊಂಡು ಟಾಕಿಯ ಏಣಿಯನ್ನು ತಾವೇ ಏರಿದರು. ರೇಣುಕಾಳ ತಂದೆ ಕೆಳಗೆ ಏಣಿ ಹಿಡಿದುಕೊಂಡು, “ಅಕ್ಕಾರ, ನಿಮ್ಮ ಕಾಲ ಮುಗೀತೀನಿ, ಇಳೀರಿ” ಎನ್ನುತ್ತಿದ್ದರು.

ಫಲಿತಾಂಶ ಚೆನ್ನಾಗಿ ಬರಲಿಲ್ಲ. ಚೆನ್ನಾಗಿ ಬರಲಿಲ್ಲ ಎಂದರೆ ಕಡಿಮೆ ಹೇಳಿದಂತೆ. ಗ್ರಾಫಿನಲ್ಲಿ ಎಲ್ಲರನ್ನೂ ಸೋಲಿಸಿದ ವಿಧಾನ ಇಲ್ಲಿ ಹಳೆಯ ವಿಧಾನದ ಪಕ್ಕದಲ್ಲೇ ಕುಂಟುತ್ತಿತ್ತು. ಕೇಬಲ್ ಬದಲಿಸಿದೆವು. ಆಂಟೆನಾ ತಿರುಗಿಸಿದೆವು. ನಾನು ತಗಡಿನ ಶೆಡ್ಡನ್ನು ಬೈದೆ. ಇಂಥ ಕೆಲಸದಲ್ಲಿ ಬಯಲು ಕೈಕೊಡುವುದು ಮಾಮೂಲು, ಬೋರ್ಡಿನ ಮೇಲೆ ತಪ್ಪು ಹಾಕಿ ಮನೆಗೆ ಹೋಗುವುದೂ ಮಾಮೂಲು. ರೇಣುಕಾ ಮಂಕಾಗಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಅಳತೆಯ ಹಾಳೆಗಳನ್ನೇ ತಿರುವಿ ತಿರುವಿ ನೋಡುತ್ತಿದ್ದರು. ಮಡಿಲಲ್ಲಿ ರೇಣುಕಾಳ ತಾಯಿ ಕಟ್ಟಿಕೊಟ್ಟ ಒಣದ್ರಾಕ್ಷಿ ಇತ್ತು, ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಆಮೇಲಿನ ವಾರವೆಲ್ಲ ಅವರು ಪ್ರೋಗ್ರಾಮನ್ನು ಮೊದಲಿನಿಂದ ಸಾಲು ಸಾಲಾಗಿ ಓದಿದರು. ಕೊನೆಗೆ ತಪ್ಪು ಸಿಕ್ಕಿತು; ನನಗೊಬ್ಬನಿಗೇ ತೋರಿಸಿದರು.

ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಯಲಿನಲ್ಲಿ ಗಾಳಿ ಇರುತ್ತದೆ. ಕಂಪ್ಯೂಟರಿನೊಳಗೆ ಗಾಳಿಯನ್ನೂ ನಾವೇ ಹುಟ್ಟಿಸುತ್ತೇವೆ. ಹಾಗಾಗಿ ನಿಜವಾದ ದಾರಿ ಮತ್ತು ರಿಸೀವರು ಅಂದಾಜು ಮಾಡಿದ ದಾರಿ, ಎರಡೂ ಒಂದೇ ಪ್ರೋಗ್ರಾಮಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ರಿಸೀವರಿನ ಭಾಗದ ಒಂದು ಸಾಲಿನಲ್ಲಿ, ಅಂದಾಜು ಇರಬೇಕಾದ ಜಾಗದಲ್ಲಿ ನಿಜವಾದ ದಾರಿ ಇತ್ತು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನ ಹಾಗೆ ಆ ರಿಸೀವರು ಅಷ್ಟು ವರ್ಷ ಚೆನ್ನಾಗಿ ಪಾಸಾಗುತ್ತ ಬಂದಿತ್ತು. ಆ ಸಾಲು ರೇಣುಕಾ ಬರೆದದ್ದಲ್ಲ. ಮೇಡಂ ತಮ್ಮ ಡಾಕ್ಟರೇಟಿನ ಕಾಲದಲ್ಲಿ ಬರೆದದ್ದು. ಅವರ ಲೆಕ್ಕದಲ್ಲಿ ಎಲ್ಲರಿಗೂ ದಾರಿ ಪೂರ್ತಿ ಗೊತ್ತಿದೆ ಎಂದೇ ಹಿಡಿದಿದ್ದರು, ಅಲ್ಲಿ ಆ ಸಾಲು ಸರಿ. ಅದೇ ತುಣುಕನ್ನು ಅವರು ಪ್ರೀತಿಯಿಂದ ಶಿಷ್ಯೆಗೆ ಕೊಟ್ಟರು. ಗುರು ಬರೆದದ್ದು ಎಂದು ಶಿಷ್ಯೆ ಅದನ್ನು ತೆರೆದು ನೋಡಲಿಲ್ಲ, ತಾನು ಬರೆದದ್ದು ಎಂದು ಗುರುವೂ ನೋಡಲಿಲ್ಲ. ಸಾಲನ್ನು ತಿದ್ದಿ ಓಡಿಸಿದರೆ ರೇಣುಕಾಳ ವಿಧಾನ ಹಳೆಯದಕ್ಕಿಂತ ಕೂದಲೆಳೆಯಷ್ಟೇ ಉತ್ತಮವಾಗಿತ್ತು. ಕೂದಲೆಳೆಗೆ ಯಾರೂ ಡಾಕ್ಟರೇಟು ಕೊಡುವುದಿಲ್ಲ.

ನನ್ನ ಊರು ಬಬಲೇಶ್ವರ. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಆ ವಾರದ ಸಂತೆಯ ದಿನ ನನಗೆ ರಜೆ. ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಮೇಡಂ ಒಬ್ಬರೇ ನಡೆದು ಬರುತ್ತಿರುವುದು ಕಂಡಿತು. ಕೈಯಲ್ಲಿ ಸಂತೆಯಲ್ಲಿ ಕೊಂಡ ಎರಡು ಸಿವುಡು ಮೆಂತೆ ಸೊಪ್ಪು. ಫೋನಿಲ್ಲ, ಸುದ್ದಿಯಿಲ್ಲ.

“ಬರ್ರಿ ಅಕ್ಕಾರ, ಹೊರಗ ಯಾಕ ನಿಂತೀರಿ?” ಎಂದು ನನ್ನ ಅವ್ವ ಒಳಗೆ ಕರೆದಳು. ಮೇಡಂ ಒಲೆಯ ಮುಂದೆಯೇ ಕೂತರು. ಬಿಸಿ ರೊಟ್ಟಿ ಮುರಿಯುತ್ತ ಅವ್ವನ ಜೊತೆ ಜೋಳದ ಬಗ್ಗೆ, ಅವ್ವನ ಮೊಣಕಾಲಿನ ಬಗ್ಗೆ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗದೆ, ತಾಟು ನೋಡುತ್ತಲೇ ಹೇಳಿದರು.

“ತಮ್ಮಾ, ನಾ ವಿಶ್ವವಿದ್ಯಾಲಯಕ್ಕ ಮೇಲ್ ಮಾಡೇನಿ. ಪ್ರಬಂಧದಾಗಿನ ಫಲಿತಾಂಶ ತಪ್ಪ ಅದಾವ, ಗೈಡ್ ಅಂತ ನಾ ಮಾಡಿದ ಸಹಿ ವಾಪಸ್ ತಗೋತೀನಿ ಅಂತ. ಜರ್ನಲ್‌ಗೂ ಬರದೇನಿ.”

ಗೈಡಿನ ಸಹಿ ಹೋದರೆ ಪ್ರಬಂಧ ಉಳಿಯುವುದಿಲ್ಲ. ನಾನು ತಾಟು ಪಕ್ಕಕ್ಕೆ ಸರಿಸಿದೆ.

“ರೇಣುಕಾಗ ಗೊತ್ತೈತೇನ್ರಿ?”

“ನಾಳಿ ಹೇಳ್ತೀನಿ.”

ನಾನು ಮೊದಲೇ ಸಿಟ್ಟಿನ ಮನುಷ್ಯ. ಹಿರಿಯರು, ಮನೆಗೆ ಬಂದವರು ಎಂಬುದನ್ನೆಲ್ಲ ಮರೆತೆ. “ಏನ ಮಾಡಿದ್ರಿ ಮೇಡಂ? ಜಗತ್ತಿನ್ಯಾಗ ಆ ಸಾಲ ತಗದ ನೋಡಾವ್ರು ಯಾರ ಅದಾರ್ರಿ? ವೈವಾ ಮುಗೀಲಿ, ಹುಡುಗಿಗಿ ನೌಕರಿ ಆಗ್ಲಿ, ಆಮ್ಯಾಲ ಜರ್ನಲ್‌ಗೆ ಒಂದ ತಿದ್ದುಪಡಿ ಕೊಟ್ರಾತಿತ್ತು.”

“ಆಮ್ಯಾಲ ಕೊಟ್ಟಾವ್ರನ್ನ ಯಾರನ್ನಾರ ನೋಡೀಯೇನು?”

“ಅಕಿ ತಪ್ಪಲ್ಲಲ್ರಿ ಅದು. ನಿಮ್ಮ ತಪ್ಪು!”

“ಹೌದು,” ಎಂದರು. “ನಂದೇ.”

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, “ಉಣ್ಣಾಕ ಕುಂತಾವ್ರ ಮ್ಯಾಲ ಹಂಗ ಒದರ್ತಾರೇನೋ? ಸುಮ್ನ ಕುಂಡ್ರು” ಎಂದು ನನಗೆ ಬೈದಳು. ಮೇಡಂ ಅವ್ವನ ತೋಳು ಮುಟ್ಟಿ, “ಒದರ್ಲಿ ಬಿಡ್ರಿ. ಅದನ್ನ ಕೇಳಾಕಽ ಬಂದೇನಿ” ಎಂದರು. ಆಮೇಲೆ ಅವರನ್ನು ಬಸ್ಸಿಗೆ ಬಿಟ್ಟು ಬಂದೆ. ಮೆಂತೆ ಸೊಪ್ಪನ್ನು ನಮ್ಮ ಮನೆಯಲ್ಲೇ ಮರೆತು ಹೋಗಿದ್ದರು.

ಮರುದಿನ ನಾನು ಪಾಠ ಮುಗಿಸಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಲ್ಯಾಬಿನ ಕೀಲಿಗಳು ಮೇಜಿನ ಮೇಲಿದ್ದವು, ರೇಣುಕಾ ಇರಲಿಲ್ಲ. ಒಳಗೆ ಏನು ಮಾತಾಯಿತು ಎಂದು ಮೇಡಂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಜವಾನ ಮಾತ್ರ, ಹುಡುಗಿ ಅಳಲೂ ಇಲ್ಲ, ಕೂಗಾಡಲೂ ಇಲ್ಲ, ನಮಸ್ಕಾರ ಮಾಡಿ ಹೋದಳು ಎಂದ.

ನಮ್ಮ ವಿಭಾಗದ ಮುಖ್ಯಸ್ಥರು ತಲೆ ಮೇಲೆ ಕೈ ಹೊತ್ತುಕೊಂಡರು. ನಮ್ಮ ಪ್ರಬಂಧಗಳ ಕೊನೆಯಲ್ಲಿ ‘ಮುಂದಿನ ಕೆಲಸ’ ಎಂಬ ಅಧ್ಯಾಯ ಇರುತ್ತದೆ. ಮಾಡಲಾಗದ್ದು, ಅರ್ಥವಾಗದ್ದು, ಕೆಟ್ಟದ್ದು ಎಲ್ಲವನ್ನೂ ಅಲ್ಲಿ ತುಂಬುವುದು ರೂಢಿ. “ಅದರಾಗ ಒಂದ ಸಾಲ ಸೇರಿಸಿದ್ರ ಮುಗೀತಿತ್ತಲ್ರಿ ಮೇಡಂ” ಎಂದರು ಅವರು. ಕೆಟ್ಟ ಮನುಷ್ಯರಲ್ಲ, ಆ ಹುಡುಗಿಯ ಬಗ್ಗೆ ಅವರಿಗೂ ಮರುಕವಿತ್ತು. ಮೇಡಂ ಪ್ರೊಫೆಸರ್ ಆಗುವುದೂ ಅಲ್ಲಿಗೇ ನಿಂತಿತು. ಬೇರೆ ಕಾಲೇಜಿನವರು ಸಮ್ಮೇಳನಗಳಲ್ಲಿ ಅವರ ಬೆನ್ನ ಹಿಂದೆ ಪಿಸುಗುಟ್ಟಿದ್ದನ್ನು ನಾನೇ ಕೇಳಿದ್ದೇನೆ. ಅದನ್ನೆಲ್ಲ ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ರೇಣುಕಾಳ ನೋಂದಣಿಯ ಅವಧಿ, ಅದಕ್ಕೆ ಕೊಟ್ಟ ಹೆಚ್ಚುವರಿ ಅವಧಿ ಎರಡೂ ಮುಗಿದುಹೋಗಿದ್ದವು. ಪಿಎಚ್‌ಡಿ ಬೇಕೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಅವಳು ಮಾಡಲಿಲ್ಲ. ಕಾಯಂ ಹುದ್ದೆಗೆ ಬೇರೆ ಯಾರೋ ಬಂದರು. ತಾತ್ಕಾಲಿಕ ಕೆಲಸವನ್ನೂ ಬಿಟ್ಟು ಅವಳು ತಿಕೋಟಾಕ್ಕೆ ಹೋಗಿ ತಂದೆಯ ಜೊತೆ ಒಣದ್ರಾಕ್ಷಿ ವ್ಯಾಪಾರಕ್ಕೆ ನಿಂತಳು.

ಮೇಡಂ ಸರಿ ಮಾಡಿದರೋ ತಪ್ಪು ಮಾಡಿದರೋ ಎಂದು ನಾನು ಆಗಿನಿಂದ ಯೋಚಿಸುತ್ತಿದ್ದೇನೆ. ಒಂದು ದಿನ ಅವರು ದೇವರ ಹಾಗೆ ಕಾಣುತ್ತಾರೆ, ಇನ್ನೊಂದು ದಿನ ಕಲ್ಲಿನ ಹಾಗೆ. ಒಬ್ಬ ಹುಡುಗಿಯ ಬದುಕಿಗಿಂತ ಯಾರೂ ನೋಡದ ಒಂದು ಸಾಲು ದೊಡ್ಡದೇ? ಆ ಸಾಲು ತಪ್ಪೆಂದು ಗೊತ್ತಿದ್ದೂ ಅದೇ ಕೋಣೆಯಲ್ಲಿ ಕೂತು ಪಾಠ ಮಾಡುವುದು ನನ್ನಿಂದ ಆಗುತ್ತಿತ್ತೇ? ಆಗುತ್ತಿತ್ತು ಅನಿಸುತ್ತದೆ. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಸಿಟ್ಟು.

ಅಲ್ಲಿಂದ ಅವರ ಮಾತು ಇಳಿಯಿತು. ಕಂಪ್ಯೂಟರನ್ನು ಬೈಯುವುದು ನಿಂತಿತು. ಹುಡುಗರನ್ನು ಕಾರಿಡಾರಿಗೆ ಎಬ್ಬಿಸುವುದೂ ನಿಂತಿತು. ಹಲಗೆಯ ಮೇಲೆ ಸಮೀಕರಣ ಬರೆದು, ಬೆಲ್ಲು ಹೊಡೆದ ಕೂಡಲೇ ಬರುತ್ತಿದ್ದರು. ನಾನು ತಿಕೋಟಾ ಕಡೆ ಹೋಗಿಬಂದೆ ಎಂದು ಗೊತ್ತಾದರೆ, “ಅಕಿ ಕಂಡಳೇನು?” ಎಂದು ಒಂದೇ ಪ್ರಶ್ನೆ. ಕಂಡಳು ಎಂದರೆ, “ಹೆಂಗ ಅದಾಳ?” ಎಂದು ಇನ್ನೊಂದು. ನೀವೇ ಒಮ್ಮೆ ಹೋಗಿ ಬನ್ನಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. “ಏನಂತ ಹೋಗ್ಲಿ?” ಎನ್ನುತ್ತಿದ್ದರು.

ಒಂದು ಯುಗಾದಿಯ ಮರುದಿನ ತಾವಾಗಿಯೇ ಹೊರಟರು. ನಾನೂ ಜೊತೆಗಿದ್ದೆ. ಹೊಸ ಸೀರೆ ಉಟ್ಟಿದ್ದರು, ಚೀಲದಲ್ಲಿ ಅಣ್ಣನ ಹೆಂಡತಿ ಮಾಡಿದ ಹೋಳಿಗೆ. ತಿಕೋಟಾ ಬಸ್ ನಿಲ್ದಾಣದಲ್ಲಿ ಇಳಿದು, ಹೊರಗಿನ ರಸ್ತೆಯವರೆಗೆ ಬಂದು ನಿಂತರು. ಎದುರಿಗೆ ಒಂದು ಟಂಟಂ ಗಾಡಿ ಕಾಯುತ್ತಿತ್ತು. ಚಾಲಕ, “ಬರ್ರಿ ಯಕ್ಕಾ, ಎಲ್ಲಿ ಬಿಡ್ಲಿ?” ಎಂದ. ಮೇಡಂ ಉತ್ತರ ಕೊಡದೆ ತಿರುಗಿ ಬಂದು, ನಾವು ಇಳಿದ ಬಸ್ಸನ್ನೇ ಮತ್ತೆ ಹತ್ತಿ ಕೂತರು. ಹೋಳಿಗೆಯನ್ನು ದಾರಿಯಲ್ಲಿ ಕಂಡಕ್ಟರನಿಗೆ ಕೊಟ್ಟರು.

ಅವರಿಗೆ ಬಂದ ಕಾಯಿಲೆಯ ಹೆಸರು ಬರೆಯುವುದಿಲ್ಲ, ಬೇಗ ಒಯ್ಯಿತು. ಆಸ್ಪತ್ರೆಗೆ ನಾನು ಕಾಲೇಜು ಬಿಟ್ಟ ಮೇಲೆ ಹೋಗುತ್ತಿದ್ದೆ. ಅವರು ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು, ಯಾರೂ ಇಲ್ಲದಾಗ, ನಾನು ಕೇಳದೆಯೇ ಆ ಮಾತು ತೆಗೆದರು.

“ಅಕಿ ಮಾರಿ ಒಮ್ಮೆ ನೋಡಿದ್ರ ನಾ ಆ ಮೇಲ್ ಕಳಸ್ತಿರಲಿಲ್ಲ ತಮ್ಮಾ. ಅಕಿ ಬ್ಯಾಡ ಅಂತಿದ್ಳು ಅಂತಲ್ಲ. ಅಕಿ ಏನೂ ಅಂತಿರಲಿಲ್ಲ. ನನ್ನ ಕೈಯೇ ಏಳ್ತಿರಲಿಲ್ಲ. ಅದಕ್ಕ ಮೊದಲ ಕಳಿಸಿ, ಆಮ್ಯಾಲ ಹೇಳಿದೆ.”

“ಇದನ್ನ ಅಕಿಗಿ ಹೇಳ್ರಿ ಮೇಡಂ. ಫೋನ್ ಹಚ್ಚಲ್ಯಾ ಈಗ?”

“ಫೋನಿನ್ಯಾಗ ಹೇಳೂ ಮಾತಲ್ಲ ಅದು. ಈ ಸಲ ಮನಿಗಿ ಹೋದ ಮ್ಯಾಲ ಇಬ್ರೂ ಹೋಗೂಣು. ಈ ಸಲ ತಿರುಗಿ ಬರೂದಿಲ್ಲ ನಾ.”

ಮನೆಗೆ ಅವರು ಬಂದದ್ದು ಆಂಬುಲೆನ್ಸಿನಲ್ಲಿ. ಮಣ್ಣಿಗೆ ಊರಿನವರು, ಕಾಲೇಜಿನವರು ಎಲ್ಲ ಬಂದಿದ್ದರು. ರೇಣುಕಾ ಬರಲಿಲ್ಲ.

ಸಂತಾಪ ಸಭೆಯ ಮರುದಿನ ನಾನು ತಿಕೋಟಾಕ್ಕೆ ಹೋದೆ. ಮೇಡಂ ಅವರ ಅಣ್ಣ ತಂಗಿಯ ಉತ್ತರಕ್ರಿಯೆಯ ಶಿವಗಣಾರಾಧನೆಗೆ ರೇಣುಕಾಳನ್ನು ಕರೆದು ಬಾ ಎಂದಿದ್ದರು. ಕರೆಯುವ ನೆಪವೊಂದು ಕೈಯಲ್ಲಿತ್ತು. ರೇಣುಕಾ ಶೆಡ್ಡಿನಲ್ಲಿದ್ದಳು. ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು, ಅವಳು ಬಣ್ಣ ನೋಡಿ ಬೇರೆ ಬೇರೆ ರಾಶಿ ಹಾಕಿಸುತ್ತಿದ್ದಳು. ನನ್ನನ್ನು ಕಂಡು ಕುರ್ಚಿ ತರಿಸಿದಳು, ಚಹಾ ತರಿಸಿದಳು.

“ಸುದ್ದಿ ವಾಟ್ಸಾಪಿನ್ಯಾಗ ಬಂದಿತ್ರಿ ಸರ್,” ಎಂದಳು.

“ಮಣ್ಣಿಗಿ ಬರಬೇಕಿತ್ತಲ್ಲ ಯವ್ವಾ. ಆ ಡಿಗ್ರಿ ಸಿಟ್ಟ ಇನ್ನೂ ಐತೇನು?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಡಿಗ್ರಿದೇನ ಸಿಟ್ರಿ? ತಪ್ಪಿದ್ದ ತಪ್ಪಽ. ಅಂಥಾ ಡಿಗ್ರಿ ತಗೊಂಡ ನಾ ಏನ ಮಾಡ್ಲಿ?”

“ಮತ್ತ?”

“ನನ್ನ ಕೇಳಲಿಲ್ರಿ ಅವ್ರು. ಅಷ್ಟಽ. ನನ್ನ ಹೆಸರಿನ ಪ್ರಬಂಧ. ಅಷ್ಟ ವರ್ಷ ಮಗ್ಗಲದಾಗ ಕುಂತಾಕಿ ನಾನು. ‘ರೇಣುಕಾ, ಹಿಂಗಾಗೇತಿ, ಏನ ಮಾಡೂಣು’ ಅಂತ ಒಂದ ಮಾತ. ಕೇಳಿದ್ರ ನಾನೇ ಕುಂತ ಆ ಮೇಲ್ ಬರೀತಿದ್ದೆ, ಇಬ್ರ ಹೆಸರ ಹಾಕಿ ಕಳಸ್ತಿದ್ವಿ. ಕೇಳಿದ್ರ ನಾ ಮುಚ್ಚಿಡ್ರಿ ಅಂತೀನಿ ಅಂತ ತಿಳ್ಕೊಂಡ್ರಲ್ಲ. ನಾ ಕಳ್ಳಿ ಅಂತ ತಿಳ್ಕೊಂಡ್ರಲ್ಲ. ಅದನ್ನ ತಡ್ಕೊಳ್ಳಾಕ ಆಗಲಿಲ್ರಿ.”

ನಾನು ಎಷ್ಟು ವರ್ಷ ಇಬ್ಬರ ನಡುವೆ ಸುದ್ದಿ ಹೊತ್ತು ಓಡಾಡಿದ್ದೆ! ಹುಡುಗಿ ಡಾಕ್ಟರೇಟು ಹೋಯಿತೆಂದು ಮುನಿದಿದ್ದಾಳೆ ಎಂದೇ ನಾನೂ ತಿಳಿದಿದ್ದೆ, ಮೇಡಂ ಅವರೂ ಹಾಗೆಯೇ ತಿಳಿದು ಸತ್ತರು. ಚಹಾದ ಕಪ್ಪನ್ನು ಕೆಳಗಿಟ್ಟೆ. ಆಸ್ಪತ್ರೆಯಲ್ಲಿ ಅವರಾಡಿದ್ದನ್ನು ಒಂದೂ ಬಿಡದೆ ಹೇಳಿದೆ. ನಿನ್ನ ಮುಖ ನೋಡಿದ್ದರೆ ಅವರ ಕೈಯೇ ಏಳುತ್ತಿರಲಿಲ್ಲವಂತೆ, ಅದಕ್ಕೇ ನಿನಗೆ ಮೊದಲು ಹೇಳಲಿಲ್ಲವಂತೆ. ಯುಗಾದಿಯ ಮರುದಿನ ಈ ಊರಿನ ಬಸ್ ನಿಲ್ದಾಣದವರೆಗೆ ಬಂದು ತಿರುಗಿ ಹೋದದ್ದನ್ನೂ ಹೇಳಿದೆ.

ರೇಣುಕಾ ಸೆರಗಿನಿಂದ ಅಂಟಂಟು ಕೈಗಳನ್ನು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

“ಅಂದ್ರ, ನನ್ನ ಮ್ಯಾಲಿನ ಅನುಮಾನ ಅಲ್ಲೇನ್ರಿ ಅದು?”

“ಅಲ್ಲ ಯವ್ವಾ. ಅವ್ರಿಗೆ ತಮ್ಮ ಮ್ಯಾಲೇ ಅನುಮಾನ ಇತ್ತು.”

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತು ದನಿ ತೆಗೆದು ಅತ್ತಳು. ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು, ಒಬ್ಬಳು ಎದ್ದು ಬಂದು ಬೆನ್ನು ಸವರಿದಳು. ಅಳು ಕಡಿಮೆಯಾದ ಮೇಲೆ ನಾನು ಶಿವಗಣಾರಾಧನೆಯ ದಿನ ಹೇಳಿದೆ. ಬರ್ತೀಯಲ್ಲ ಎಂದು ಕೇಳಿದೆ.

“ಬಂದ ಏನ ಮಾಡ್ಲಿ ಸರ್?” ಎಂದಳು. “‘ಮೇಡಂ, ನೀವ ಕೇಳಿದ್ರ ನಾನೂ ಅದನ್ನೇ ಮಾಡ್ತಿದ್ದೆ’ ಅಂತ ಅವ್ರಿಗೆ ಹೇಳಬೇಕಿತ್ತು. ಈಗ ಬಂದ ಯಾರ ಮುಂದ ಹೇಳ್ಲಿ?”